ಹಳೆಯ ಕ್ಯಾಮರಾ, ಇನ್ನೂ ಹಳೆಯ ಕಲ್ಲು

ಅರುವತ್ತರ ಹತ್ತಿರ ಬಂದ ಮನುಷ್ಯನಿಗೆ ಹಿಡಿಯುವ ಹುಚ್ಚುಗಳು ಹಲವು ಬಗೆಯವು. ಕೆಲವರು ವೇದಾಂತದ ಕಡೆ ತಿರುಗುತ್ತಾರೆ. ಕೆಲವರು ಹೋಮಿಯೋಪಥಿಯ ಪೆಟ್ಟಿಗೆ ತೆರೆದು ಕೂರುತ್ತಾರೆ. ಇನ್ನು ಕೆಲವರು ಅಂಗಳದಲ್ಲಿ ಗುಲಾಬಿ ನೆಟ್ಟು ನೆರೆಮನೆಯ ಮೇಕೆಯೊಡನೆ ಯುದ್ಧ ಹೂಡುತ್ತಾರೆ. ನಾನು ಕ್ಯಾಮರಾ ಕೊಂಡೆ. ಅದೂ ಹೊಸದಲ್ಲ. ೨೦೦೮ನೆಯ ಇಸವಿಯಲ್ಲಿ ಮಾರುಕಟ್ಟೆಗೆ ಬಂದ, ಈಗ ಹುಡುಗರಾರೂ ತಿರುಗಿ ನೋಡದ, ಹೊಟ್ಟೆಯಲ್ಲಿ ಕನ್ನಡಿಯುಳ್ಳ ಡಿಜಿಟಲ್ ಎಸ್.ಎಲ್.ಆರ್. ಕ್ಯಾಮರಾ. ದಾವಣಗೆರೆಯ ಒಂದು ಅಂಗಡಿಯಲ್ಲಿ ೧೫ ಸಾವಿರ ಹೇಳಿದರು. ಚೌಕಾಸಿ ಮಾಡಿ, ಒಂದು ಹಳೆಯ ಮಸೂರದ ಸಮೇತ ೧೩ ಸಾವಿರಕ್ಕೆ ತಂದೆ.

ಮನೆಯಾಕೆ ಅದನ್ನು ಕೈಯಲ್ಲಿ ತೂಗಿ ನೋಡಿದಳು. “ಅಲ್ಲಾ ರೀ, ಜೇಬಿನಲ್ಲೇ ಫೋನಿದೆ. ಅದಕ್ಕೆ ಈಶ್ವರನಿಗಿದ್ದ ಹಾಗೆ ಮೂರು ಕಣ್ಣು. ಅದನ್ನು ಬಿಟ್ಟು ಈ ಒಕ್ಕಣ್ಣನನ್ನು ಯಾಕೆ ತಂದಿರಿ?” ಎಂದಳು. ಪ್ರಶ್ನೆ ನ್ಯಾಯವಾದದ್ದು. ಅದಕ್ಕೆ ಉತ್ತರ ಕೊಡಬೇಕಾದರೆ ಸ್ವಲ್ಪ ಹಿಂದಿನಿಂದ ಹೇಳಬೇಕು. ವಾಚಕರು ದಯವಿಟ್ಟು ತಾಳ್ಮೆ ವಹಿಸಬೇಕು.

ನಮ್ಮ ಊರು ಜಗಳೂರು ತಾಲ್ಲೂಕಿನದು. ಮಳೆ ಕಡಿಮೆ, ಕಲ್ಲು ಹೆಚ್ಚು. ಊರ ಕೆರೆಯ ಏರಿಯ ಬಳಿ ಎದೆಯೆತ್ತರದ ಒಂದು ವೀರಗಲ್ಲು ಇತ್ತು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಲಿಂಗ, ಸೂರ್ಯ, ಚಂದ್ರ. ಪಟ್ಟಿಕೆಗಳ ನಡುವೆ ಅಕ್ಷರದ ಸಾಲುಗಳು. “ದನ ಉಳಿಸೋಕೆ ಹೋಗಿ ಸತ್ತವನು ಕಣೋ, ಚಪ್ಪಲಿ ಬಿಟ್ಟು ನಿಂತ್ಕೋ” ಎಂದು ನಮ್ಮ ತಂದೆ ಹೇಳುತ್ತಿದ್ದರು. ಆತನ ಹೆಸರೇನು ಎಂದು ಕೇಳಿದರೆ ಅವರಿಗೂ ತಿಳಿಯದು. ರೈತರು ಆ ಕಲ್ಲಿನ ಅಂಚಿಗೆ ಕುಡುಗೋಲು ಮಸೆಯುತ್ತಿದ್ದರು. ಸಂಕ್ರಾಂತಿಯ ದಿನ ಅದಕ್ಕೇ ಅರಿಸಿನ ಹಚ್ಚುತ್ತಿದ್ದರು. ಎರಡರಲ್ಲಿಯೂ ಅವರಿಗೆ ವಿರೋಧ ಕಾಣುತ್ತಿರಲಿಲ್ಲ.

ಈಚೆಗೆ ಒಂದು ದಿನ ತಮ್ಮನ ಮಗ ಫೋನು ಮಾಡಿದ. “ದೊಡ್ಡಪ್ಪ, ರಸ್ತೆ ಅಗಲ ಮಾಡ್ತಾ ಇದಾರೆ. ಏರಿ ಹತ್ರ ಇತ್ತಲ್ಲ ಆ ಕಲ್ಲು, ಅದನ್ನ ಕಿತ್ತು ಪಕ್ಕಕ್ಕೆ ಹಾಕಿದಾರೆ. ಮೂಲೆ ಮುರಿದಿದೆ.” ಫೋಟೋ ಕಳಿಸು ಎಂದೆ. ಕಳಿಸಿದ. ನಡುಹಗಲಿನ ಬಿಸಿಲಲ್ಲಿ ತೆಗೆದ ಚಿತ್ರ. ಕಲ್ಲು ಬೆಳ್ಳಗೆ, ನುಣ್ಣಗೆ, ಇಡ್ಲಿಯ ಹಾಗಿತ್ತು. “ಅಕ್ಷರ ಏನೂ ಇಲ್ಲ ದೊಡ್ಡಪ್ಪ, ಎಲ್ಲಾ ಸವೆದುಹೋಗಿದೆ” ಎಂದು ಕೆಳಗೆ ಒಕ್ಕಣೆ. ಅಕ್ಷರ ಇದ್ದುದನ್ನು ನಾನು ಬಲ್ಲೆ. ಅದೇ ವಾರ ನಾನು ಕ್ಯಾಮರಾದ ಅಂಗಡಿಗೆ ಹೋದದ್ದು.

ಫೋನಿನಲ್ಲಿ ಒಳ್ಳೆಯ ಚಿತ್ರ ಬರುವುದಿಲ್ಲವೆಂದು ನಾನು ಹೇಳಲಾರೆ. ಆದರೆ ಫೋನು ನಮ್ಮನ್ನು ಸಂತೋಷಪಡಿಸಬೇಕೆಂಬ ಸ್ವಭಾವದ್ದು. ಕಂಡದ್ದನ್ನು ತನ್ನೊಳಗೇ ಲೆಕ್ಕ ಹಾಕಿ, ಒರಟನ್ನು ನಯ ಮಾಡಿ, ಅಂಚನ್ನು ಹರಿತ ಮಾಡಿ ಕೊಡುತ್ತದೆ. ಮೊಮ್ಮಗಳ ಕೆನ್ನೆಗೆ ಅದು ಸರಿ. ಎಂಟುನೂರು ವರ್ಷದ ಅಕ್ಷರಕ್ಕೆ ಸರಿಯಲ್ಲ. ಅಲ್ಲಿ ಒರಟೇ ಅಕ್ಷರ. ಎಸ್.ಎಲ್.ಆರ್. ಕ್ಯಾಮರಾ ತನ್ನ ಮೇಲೆ ಬಿದ್ದ ಬೆಳಕಿನ ಲೆಕ್ಕವನ್ನು ಹಸಿಹಸಿಯಾಗಿ, ತಿದ್ದದೆ ಬರೆದಿಡಬಲ್ಲದು. ಆಮೇಲೆ ತಿದ್ದುವುದು ಬಿಡುವುದು ನಮ್ಮ ಕೈಯಲ್ಲಿ.

ಅಂಗಡಿಯ ಗಾಜಿನ ಬೀರುವಿನಲ್ಲಿ ಹತ್ತು ಹದಿನೈದು ಹಳೆಯ ಕ್ಯಾಮರಾಗಳು ಸಾಲಾಗಿ ಕುಳಿತಿದ್ದವು. ಎಲ್ಲವೂ ಮದುವೆಮನೆಗಳಲ್ಲಿ ದುಡಿದು ನಿವೃತ್ತಿಯಾದವು. ಅಗ್ಗದ್ದೊಂದನ್ನು ನೋಡಿದೆ, ನಿಕಾನ್ ಡಿ ೪೦. ೨೦೦೬ರದು, ೬೦ ಲಕ್ಷ ಚುಕ್ಕೆಗಳ ಚಿತ್ರ. ಹಗುರ, ಮುದ್ದಾಗಿದೆ. ಆದರೆ ಅದರ ಒಡಲಿನಲ್ಲಿ ಮಸೂರವನ್ನು ತಿರುಗಿಸುವ ಮೋಟಾರಿಲ್ಲ. ಮೋಟಾರು ತನ್ನಲ್ಲೇ ಇರುವ ಹೊಸ ಬಗೆಯ ಮಸೂರ ಹಾಕಿದರೆ ಮಾತ್ರ ಅದು ತಾನಾಗಿ ನಾಭಿ ಹಿಡಿಯುತ್ತದೆ. ಅಗ್ಗಕ್ಕೆ ಸಿಗುವ ಹಳೆಯ ಮಸೂರ ಹಾಕಿದರೆ ಕೈಯಿಂದ ತಿರುಗಿಸಬೇಕು. ಡಿ ೯೦ರಲ್ಲಿ ಆ ಮೋಟಾರು ಉಂಟು. ಕಲಿಯುವವನು ಕ್ಯಾಮರಾದ ಬೆಲೆಯನ್ನು ಮಾತ್ರ ಕೇಳಬಾರದು, ಅದಕ್ಕೆ ಕೊಡಬೇಕಾದ ಮಸೂರದ ಬೆಲೆಯನ್ನೂ ಕೇಳಬೇಕು. ಸೊಸೆಯನ್ನು ನೋಡಹೋದವರು ಬೀಗರನ್ನೂ ನೋಡಿ ಬರುವ ಹಾಗೆ.

ಅಂಗಡಿಯ ಹುಡುಗ ಬುದ್ಧಿವಂತ. ನಾನು ಹೊಸಬನೆಂದು ತಿಳಿದು ಎಲ್ಲವನ್ನೂ ತೋರಿಸಿಕೊಟ್ಟ. ಡಿ ೯೦ರಿಂದ ಒಂದು ಚಿತ್ರ ತೆಗೆದು ಕಂಪ್ಯೂಟರಿಗೆ ಹಾಕಿದ. ಆ ಚಿತ್ರದ ಕಡತದೊಳಗೇ ಕ್ಯಾಮರಾದ ಷಟರು ಈವರೆಗೆ ಎಷ್ಟು ಸಲ ತೆರೆದಿದೆಯೆಂಬ ಲೆಕ್ಕ ಇರುತ್ತದಂತೆ. ೪೧ ಸಾವಿರ ಚಿಲ್ಲರೆ ಎಂದು ಬಂತು. ಈ ಮಾದರಿಯ ಷಟರನ್ನು ಒಂದು ಲಕ್ಷ ಸಲ ತೆರೆದು ಮುಚ್ಚಿ ಪರೀಕ್ಷೆ ಮಾಡಿರುತ್ತಾರೆ. ಅಂದರೆ ಅರ್ಧಕ್ಕಿಂತ ಹೆಚ್ಚು ಆಯುಸ್ಸು ಉಳಿದಿದೆ. ನಮ್ಮ ಜಾತಕದಲ್ಲಿ ಇಷ್ಟು ಸ್ಪಷ್ಟವಾಗಿ ಬರೆದಿರುವುದಿಲ್ಲ. ಆಮೇಲೆ ಮಸೂರದ ಕಂಡಿಯನ್ನು ಕಿರಿದುಮಾಡಿ ಬಿಳಿಯ ಗೋಡೆಯ ಚಿತ್ರ ತೆಗೆದ. ಸೆನ್ಸರಿನ ಮೇಲೆ ಧೂಳಿದ್ದರೆ ಕಪ್ಪು ಚುಕ್ಕೆಗಳಾಗಿ ಕಾಣುತ್ತದೆ. ನಾಲ್ಕೈದು ಕಂಡವು. ಒರೆಸಿಕೊಟ್ಟ. ಬ್ಯಾಟರಿಯ ಬಾಗಿಲು, ಕಾರ್ಡು ಕೂರುವ ಗೂಡು, ಎಲ್ಲವನ್ನೂ ತೆರೆದು ತೋರಿಸಿದ.

ಕೊನೆಗೆ ಮಸೂರ. ಮೊದಲು ಕೊಟ್ಟ ಮಸೂರದ ಹಿಂದೆ ಟಾರ್ಚು ಹಿಡಿದು ನೋಡಿದಾಗ ಒಳಗೆ ಜೇಡರ ಬಲೆಯಂಥದೇನೋ ಕಂಡಿತು. “ಬೂಷ್ಟು ಸಾರ್” ಎಂದ ಹುಡುಗ. “ಇದರ ಯಜಮಾನರು ಮಲೆನಾಡಿನ ಕಡೆ ಮದುವೆ ಮಾಡ್ತಿದ್ದರು. ಮಳೆ ನೋಡಿ.” ಗಾಜಿಗೂ ಬೂಷ್ಟು ಹಿಡಿಯುತ್ತದೆಂಬುದು ನನಗೆ ಹೊಸ ವಿಷಯ. ತೇವದಲ್ಲಿ ಮುಚ್ಚಿಟ್ಟ ಮಸೂರಕ್ಕೆ ಅದು ತಪ್ಪದು. ಹೆಚ್ಚು ಬೆಳೆದರೆ ಗಾಜಿನ ಲೇಪವನ್ನೇ ತಿನ್ನುತ್ತದೆ. ಅದನ್ನು ಬಿಟ್ಟು ೫೦ ಮಿಲಿಮೀಟರಿನ ಇನ್ನೊಂದು ಮಸೂರ ತೆಗೆದುಕೊಂಡೆ. ಅದು ಹಿಂದೆ ಮುಂದೆ ಸರಿಯದು. ದೊಡ್ಡದಾಗಿ ಕಾಣಬೇಕಾದರೆ ನಾವೇ ನಡೆದು ಹತ್ತಿರ ಹೋಗಬೇಕು. ಡಾಕ್ಟರು ಹೇಗೂ ನನಗೆ ನಡೆಯಲು ಹೇಳಿದ್ದರು.

ಮನೆಗೆ ಬಂದ ಮೇಲೆ ಈ ಯಂತ್ರದ ವಂಶಾವಳಿಯನ್ನು ಓದಬೇಕೆನಿಸಿತು. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ವಿಲ್ಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ಎಂಬಿಬ್ಬರು ೧೯೬೯ರಲ್ಲಿ ಬೆಳಕನ್ನು ವಿದ್ಯುತ್ತಿನ ಲೆಕ್ಕವಾಗಿ ಹಿಡಿದಿಡುವ ಚಿಪ್ಪಿಗೆ ದಾರಿ ಕಂಡರು. ೪೦ ವರ್ಷಗಳ ಮೇಲೆ, ೨೦೦೯ರಲ್ಲಿ, ಅವರಿಗೆ ನೊಬೆಲ್ ಬಂತು. ೧೯೭೫ರಲ್ಲಿ ಕೊಡಾಕ್ ಕಂಪೆನಿಯ ತರುಣ ಎಂಜಿನಿಯರ್ ಸ್ಟೀವನ್ ಸ್ಯಾಸನ್ ಅಂಥ ಚಿಪ್ಪೊಂದನ್ನು ಇಟ್ಟು ಮೊದಲ ಡಿಜಿಟಲ್ ಕ್ಯಾಮರಾ ಕೂಡಿಸಿದ. ತೂಕ ಮೂರೂವರೆ ಕಿಲೋಗ್ರಾಮಿಗೂ ಹೆಚ್ಚು. ಚಿತ್ರದಲ್ಲಿ ಒಟ್ಟು ೧೦ ಸಾವಿರ ಚುಕ್ಕೆಗಳು. ಅದನ್ನು ಕ್ಯಾಸೆಟ್ಟಿನ ಟೇಪಿನ ಮೇಲೆ ಬರೆಯಲು ೨೩ ಸೆಕೆಂಡು. ೧೯೯೧ರಲ್ಲಿ ಅದೇ ಕೊಡಾಕ್, ನಿಕಾನ್ ಎಫ್ ೩ ಎಂಬ ಫಿಲ್ಮ್ ಕ್ಯಾಮರಾದ ಒಡಲಿಗೆ ತನ್ನ ಚಿಪ್ಪು ಹಾಕಿ ಮಾರಾಟಕ್ಕೆ ತಂದಿತು. ೧೩ ಲಕ್ಷ ಚುಕ್ಕೆ. ಚಿತ್ರಗಳನ್ನು ಇಡಲು ಹೆಗಲಿಗೆ ಬೇರೊಂದು ಪೆಟ್ಟಿಗೆ. ಶ್ರೀಮಂತ ಪತ್ರಿಕೆಗಳಿಗೆ ಮಾತ್ರ ನಿಲುಕುವ ಬೆಲೆ. ೧೯೯೯ರಲ್ಲಿ ನಿಕಾನ್ ಡಿ ೧ ಬಂತು. ೨೦೦೩ರಲ್ಲಿ ಕ್ಯಾನನ್ ೩೦೦ಡಿ ಸಾವಿರ ಡಾಲರಿನ ಒಳಗೆ ಬೆಲೆಯಿಟ್ಟು ಬಂದ ಮೇಲೆ ಸಾಮಾನ್ಯರು ಅಂಗಡಿಯೊಳಗೆ ಕಾಲಿಟ್ಟರು. ೨೦೦೮ರ ಆಗಸ್ಟಿನಲ್ಲಿ ಪ್ರಕಟವಾದ ನನ್ನ ಡಿ ೯೦, ಚಲಿಸುವ ಚಿತ್ರವನ್ನೂ ತೆಗೆಯಬಲ್ಲ ಮೊದಲ ಡಿಜಿಟಲ್ ಎಸ್.ಎಲ್.ಆರ್. ಎಂಬ ಬಿರುದು ಪಡೆದಿತ್ತು.

ಮೊದಲ ಡಿಜಿಟಲ್ ಕ್ಯಾಮರಾ ಹುಟ್ಟಿದ ಮನೆಯಾದ ಕೊಡಾಕ್, ಫಿಲ್ಮನ್ನೇ ನಂಬಿಕೊಂಡಿದ್ದು ೨೦೧೨ರಲ್ಲಿ ದಿವಾಳಿಯ ರಕ್ಷಣೆಗಾಗಿ ನ್ಯಾಯಾಲಯದ ಮೆಟ್ಟಿಲು ಹತ್ತಿತು. ಆಮೇಲೆ ಕನ್ನಡಿಗೂ ಕಾಲ ಬಂತು. ಎಸ್.ಎಲ್.ಆರ್. ಕ್ಯಾಮರಾದಲ್ಲಿ ಮಸೂರದಿಂದ ಬಂದ ಬೆಳಕು ಓರೆಯಾದ ಕನ್ನಡಿಗೆ ತಾಕಿ, ಮೇಲಿನ ಗಾಜಿನ ಗೋಪುರದಲ್ಲಿ ತಿರುಗಿ ನಮ್ಮ ಕಣ್ಣಿಗೆ ಬರುತ್ತದೆ. ಗುಂಡಿ ಒತ್ತಿದ ಗಳಿಗೆ ಕನ್ನಡಿ ಮೇಲೆದ್ದು ದಾರಿ ಬಿಡುತ್ತದೆ. ಆ ‘ಟಕ್’ ಎಂಬ ಸದ್ದು ಅದರದ್ದು. ಈಗಿನವು ಕನ್ನಡಿಯಿಲ್ಲದವು. ೨೦೨೦ರಿಂದೀಚೆಗೆ ದೊಡ್ಡ ಕಂಪೆನಿಗಳು ತಮ್ಮ ಬುದ್ಧಿ ಬಂಡವಾಳಗಳನ್ನೆಲ್ಲ ಅವಕ್ಕೇ ಸುರಿಯುತ್ತಿವೆ. ಮದುವೆಯ ಫೋಟೋದವರು ಅವನ್ನು ಕೊಂಡು ಇವನ್ನು ಮಾರಿದರು. ಹೊಸದರಲ್ಲಿ ಸಾವಿರ ಡಾಲರಾಗಿದ್ದ ಯಂತ್ರ ದಾವಣಗೆರೆಯ ಬೀರುವಿನಲ್ಲಿ ನನ್ನಂಥವನಿಗಾಗಿ ಕಾದು ಕುಳಿತದ್ದರ ಕಾರಣ ಇಷ್ಟೆ. ಯಂತ್ರವೇನೂ ಕೆಟ್ಟಿರಲಿಲ್ಲ. ಅದರ ಒಂದು ಚಿತ್ರದಲ್ಲಿ ಅಡ್ಡಕ್ಕೆ ೪,೨೮೮, ಉದ್ದಕ್ಕೆ ೨,೮೪೮ ಚುಕ್ಕೆ; ಗುಣಿಸಿದರೆ ೧ ಕೋಟಿ ೨೨ ಲಕ್ಷ. ಅಂಗುಲಕ್ಕೆ ೩೦೦ ಚುಕ್ಕೆಯಂತೆ ಅಚ್ಚು ಹಾಕಿದರೂ ೧೪ ಅಂಗುಲ ಅಗಲದ ಚಿತ್ರ. ಅಷ್ಟು ದೊಡ್ಡ ಚೌಕಟ್ಟು ನಮ್ಮ ಮನೆಯಲ್ಲಿ ದೇವರಿಗೂ ಇಲ್ಲ.

ಛಾಯಾಚಿತ್ರಕ್ಕೂ ನಮ್ಮ ಸೀಮೆಯ ಕಲ್ಲುಗಳಿಗೂ ಇರುವ ನಂಟು ಬಹಳ ಹಳೆಯದು. ಪ್ಯಾರಿಸ್ಸಿನಲ್ಲಿ ಡಾಗೇರನ ವಿಧಾನವನ್ನು ಲೋಕಕ್ಕೆ ತಿಳಿಸಿದ್ದು ೧೮೩೯ರ ಆಗಸ್ಟಿನಲ್ಲಿ. ಹದಿನಾರು ವರ್ಷ ಕಳೆಯುವುದರೊಳಗೆ, ೧೮೫೪ರ ಡಿಸೆಂಬರಿನಲ್ಲಿ, ಕಂಪೆನಿ ಸೈನ್ಯದ ಲಿನೇಯಸ್ ಟ್ರೈಪ್ ಎಂಬ ಅಧಿಕಾರಿ ಹಳೇಬೀಡು ಬೇಲೂರುಗಳಲ್ಲಿ ಕಾಗದದ ನೆಗೆಟಿವಿನ ಮೇಲೆ ಚಿತ್ರ ಹಿಡಿಯುತ್ತಿದ್ದ. ಮರುವರ್ಷ ಬೊಂಬಾಯಿ ಸರ್ಕಾರ ಫಿರಂಗಿ ದಳದ ಕ್ಯಾಪ್ಟನ್ ಬಿಗ್ಸ್‌ನನ್ನು ಬಿಜಾಪುರ, ಬಾದಾಮಿ, ಐಹೊಳೆಗಳ ಚಿತ್ರ ತೆಗೆಯಲು ನೇಮಿಸಿತು. ಅವನು ದಂಡಿಗೆ ಹಿಂದಿರುಗಿದ ಮೇಲೆ ಆ ಕೆಲಸ ಡಾಕ್ಟರ್ ಪಿಗೌ ಎಂಬವನ ಕೈಗೆ ಬಂತು. ಪಿಗೌ ತೆಗೆದ ಚಿತ್ರಗಳಲ್ಲಿ ನಮ್ಮ ಹರಿಹರದ ದೇವಾಲಯವೂ ಇದೆ. ಹೊಯ್ಸಳರ ದಂಡನಾಯಕ ಪೋಲಾಳ್ವ ೧೩ನೆಯ ಶತಮಾನದಲ್ಲಿ ಕಟ್ಟಿಸಿದ ಗುಡಿ ಅದು. ಪಿಗೌ, ನೀಲ್, ಬಿಗ್ಸ್ ಈ ಮೂವರ ಚಿತ್ರಗಳನ್ನು ಸೇರಿಸಿ ಮೆಡೋಸ್ ಟೇಲರ್ ಮತ್ತು ಫರ್ಗುಸನ್ ೧೮೬೬ರಲ್ಲಿ ಲಂಡನ್ನಿನಿಂದ ಧಾರವಾಡ ಮೈಸೂರು ಸೀಮೆಗಳ ವಾಸ್ತುಶಿಲ್ಪದ ದೊಡ್ಡ ಪುಸ್ತಕ ಹೊರತಂದರು. ಪಿಗೌ ಅದನ್ನು ನೋಡಲು ಉಳಿದಿರಲಿಲ್ಲ.

ಕನ್ನಡಿಗರು ಹೆಚ್ಚು ನೆನೆಯಬೇಕಾದವನು ಇನ್ನೊಬ್ಬ, ಮೇಜರ್ ಡಿಕ್ಸನ್. ೧೮೬೫ರಲ್ಲಿ ಮೈಸೂರು ಸರ್ಕಾರ ಅವನಿಗೆ ಒಪ್ಪಿಸಿದ ಕೆಲಸ ವಿಚಿತ್ರವಾದದ್ದು: ಗುಡಿ ಗೋಪುರಗಳ ಚಿತ್ರವಲ್ಲ, ಶಾಸನಗಳ ಚಿತ್ರ. ಆ ದಶಕದಲ್ಲಿ ಬಳಕೆಯಲ್ಲಿದ್ದ ವಿಧಾನವನ್ನು ಎಣಿಸಿದರೆ ಮೈ ಜುಮ್ಮೆನ್ನುತ್ತದೆ. ಗಾಜಿನ ಹಲಗೆಗೆ ಕೊಲೋಡಿಯನ್ ಎಂಬ ಅಂಟುದ್ರವ ಬಳಿದು, ಬೆಳ್ಳಿಯ ಲವಣದಲ್ಲಿ ಅದ್ದಿ, ಅದು ಆರುವ ಮೊದಲೇ ಕ್ಯಾಮರಾಕ್ಕೆ ಹಾಕಿ ಚಿತ್ರ ಹಿಡಿದು, ಕೂಡಲೆ ಕತ್ತಲೆಯ ಡೇರೆಯಲ್ಲಿ ತೊಳೆಯಬೇಕು. ಹತ್ತು ಹದಿನೈದು ನಿಮಿಷದ ಆಟ. ಡೇರೆ, ಗಾಜು, ಔಷಧ, ಶುದ್ಧವಾದ ನೀರು ಎಲ್ಲವೂ ಎತ್ತಿನ ಗಾಡಿಯಲ್ಲಿ. ಹೀಗೆ ಹರಿಹರ, ಬಳ್ಳಿಗಾವೆ ಮೊದಲಾದ ಕಡೆಗಳಲ್ಲಿ ೧೫೦ರಷ್ಟು ಶಾಸನಗಳ ಚಿತ್ರ ಕೂಡಿತು. ಆ ಚಿತ್ರಗಳನ್ನು ಮುಂದಿಟ್ಟುಕೊಂಡು ಬೆಂಗಳೂರಿನಲ್ಲೇ ಹುಟ್ಟಿದ ಬಿ. ಎಲ್. ರೈಸ್ ಓದಿ ಭಾಷಾಂತರಿಸಿ ೧೮೭೯ರಲ್ಲಿ ಮೈಸೂರು ಶಾಸನಗಳ ಗ್ರಂಥ ಪ್ರಕಟಿಸಿದರು. ಮುಂದೆ ಅದೇ ರೈಸ್ ೧೮೮೬ರಿಂದ ಸುಮಾರು ಇಪ್ಪತ್ತು ವರ್ಷ ದುಡಿದು, ಹನ್ನೆರಡು ಸಂಪುಟಗಳಲ್ಲಿ ಒಂಬತ್ತು ಸಾವಿರದಷ್ಟು ಶಾಸನಗಳನ್ನು ಕೊಟ್ಟ ‘ಎಪಿಗ್ರಾಫಿಯಾ ಕರ್ನಾಟಿಕಾ’ ನಮ್ಮ ಚರಿತ್ರೆಯ ಅಡಿಪಾಯವಾಯಿತು. ಆ ಅಡಿಪಾಯದ ಮೊದಲ ಕಲ್ಲುಗಳಲ್ಲಿ ಒಂದು, ಒಬ್ಬ ಸಿಪಾಯಿ ದಳದ ಮೇಜರ್ ಗಾಡಿಯಲ್ಲಿ ಹೊತ್ತು ತಿರುಗಿದ ಗಾಜು.

ರೈಸರ ಸಂಪುಟಗಳಲ್ಲಿ ಒಂದು ಸ್ವಾರಸ್ಯವಿದೆ. ಚನ್ನಗಿರಿ ಹೊನ್ನಾಳಿಗಳ ಶಾಸನ ಬೇಕಾದರೆ ಶಿವಮೊಗ್ಗ ಜಿಲ್ಲೆಯ ಸಂಪುಟ ತೆರೆಯಬೇಕು. ಜಗಳೂರಿನದು ಚಿತ್ರದುರ್ಗದ ಸಂಪುಟದಲ್ಲಿ. ದಾವಣಗೆರೆ ಜಿಲ್ಲೆಯಾದದ್ದು ೧೯೯೭ರಲ್ಲಿ. ನ್ಯಾಮತಿಗೆ ತಾಲ್ಲೂಕೆಂಬ ಹೆಸರು ಬಂದದ್ದಂತೂ ಮೊನ್ನೆ ಮೊನ್ನೆ, ೨೦೧೮ರಲ್ಲಿ. ಅಲ್ಲಿಯವರೆಗೆ ಅದು ಹೊನ್ನಾಳಿಯ ಭಾಗ. ಸಿಂದರು ಆಳಿದ ಬೆಳಗುತ್ತಿ ಇಂದು ನ್ಯಾಮತಿ ತಾಲ್ಲೂಕಿನಲ್ಲಿದ್ದರೂ ಗ್ರಂಥದಲ್ಲಿ ಹೊನ್ನಾಳಿಯ ನಂಬರಿನಲ್ಲೇ ಉಳಿದಿದೆ. ಗಡಿ ಸರಿಯುತ್ತದೆ, ಕಚೇರಿ ಬದಲಾಗುತ್ತದೆ, ಕಲ್ಲು ಇದ್ದಲ್ಲೇ ಇರುತ್ತದೆ, ಯಾರಾದರೂ ಕೀಳುವವರೆಗೆ. ನಮ್ಮೂರಿನ ಹೆಸರನ್ನೂ ನಾನು ಹುಡುಕಿದೆ. ಊರು ಸಿಕ್ಕಿತು, ಏರಿಯ ಕಲ್ಲು ಸಿಗಲಿಲ್ಲ. ಅವರ ಪಂಡಿತರು ಬಂದ ದಿನ ಅದು ಕಳ್ಳಿಯ ಮರೆಯಲ್ಲಿತ್ತೋ ಏನೋ. ಎಂದರೆ, ಆ ಕಲ್ಲಿಗೆ ಬೇರೆ ಸಾಕ್ಷಿಯಿಲ್ಲ.

ಹೊಸ ಕೈಯಲ್ಲಿ ನೇರ ಊರಿಗೆ ಹೋಗುವ ಧೈರ್ಯವಾಗಲಿಲ್ಲ. ಒಂದು ತಿಂಗಳು ಸುತ್ತಲಿನ ತಾಲ್ಲೂಕುಗಳಲ್ಲಿ ಕೈ ಪಳಗಿಸಿಕೊಂಡೆ. ಮೊದಲ ಪಾಠ ಚನ್ನಗಿರಿ ತಾಲ್ಲೂಕಿನ ಸಂತೇಬೆನ್ನೂರಿನಲ್ಲಿ. ಕೆಂಗ ಹನುಮಪ್ಪ ನಾಯಕ ಕಟ್ಟಿಸಿದ ಪುಷ್ಕರಣಿ, ನಡುವೆ ನೀರಿನಲ್ಲಿ ನಿಂತ ಮಂಟಪ, ದಡದಲ್ಲಿ ಮುಸಾಫಿರ್‌ಖಾನೆ. ಹತ್ತು ಗಂಟೆಯ ಬಿಸಿಲಿನಲ್ಲಿ ನಲುವತ್ತು ಚಿತ್ರ ತೆಗೆದೆ. ನಲುವತ್ತರಲ್ಲಿಯೂ ಮಂಟಪ ಸುಣ್ಣದ ಗುಡ್ಡೆಯಂತಿತ್ತು. ಅಲ್ಲಿನ ಕಾವಲುಗಾರ ಮರುಕದಿಂದ ನೋಡಿ, “ಬೆಳಿಗ್ಗೆ ಆರೂವರೆಗೆ ಬನ್ನಿ ಸ್ವಾಮಿ, ಗಾಳಿ ಇರಲ್ಲ, ಮಂಟಪ ಎರಡಾಗುತ್ತೆ” ಎಂದ. ಮರುದಿನ ಹೋದೆ. ಮೇಲೊಂದು, ನೀರಿನಲ್ಲೊಂದು, ಎರಡು ಮಂಟಪ. ಓರೆ ಬೆಳಕಿನಲ್ಲಿ ಪ್ರತಿಯೊಂದು ಕಂಬದ ಕೆತ್ತನೆಯೂ ಎದ್ದು ನಿಂತಿತ್ತು. ಮಸೂರದ ಪುಸ್ತಕಗಳು ಹತ್ತು ಪುಟದಲ್ಲಿ ಹೇಳುವುದನ್ನು ಆತ ಒಂದು ಮಾತಿನಲ್ಲಿ ಹೇಳಿದ್ದ.

ಸೂಳೆಕೆರೆಯಲ್ಲಿ ಕಲಿತದ್ದು ವಿನಯ. ಎರಡು ಗುಡ್ಡಗಳ ನಡುವಿನ ಒಂದು ಏರಿ ಅಷ್ಟು ಅಗಲದ ನೀರನ್ನು ಶತಮಾನಗಳಿಂದ ತಡೆದು ನಿಲ್ಲಿಸಿದೆ. ಚಿತ್ರದುರ್ಗದ ನಲ್ಲಿಗಳಿಗೂ ಇಲ್ಲಿಯ ನೀರೇ ಹೋಗುತ್ತದೆ. ಶಾಂತವ್ವನೆಂಬ ರಾಜಕುಮಾರಿ ಕಟ್ಟಿಸಿದಳೆಂದು ಜನರ ಕಥೆ. ನನ್ನ ಮಸೂರದಲ್ಲಿ ಆ ಕೆರೆ ಹಿಡಿಸಲೇ ಇಲ್ಲ. ಹೊನ್ನಾಳಿಯಲ್ಲಿ ತುಂಗಭದ್ರೆಯ ದಡದಲ್ಲಿ ಕೂತು ಷಟರಿನ ವೇಗದ ಪಾಠ: ಸೆಕೆಂಡಿನ ಸಾವಿರದ ಒಂದು ಭಾಗ ತೆರೆದರೆ ಬಟ್ಟೆ ಒಗೆಯುವವಳ ಕೈಯಿಂದ ಸಿಡಿದ ಹನಿ ಮುತ್ತಿನಂತೆ ನಿಲ್ಲುತ್ತದೆ, ಅರ್ಧ ಸೆಕೆಂಡು ತೆರೆದರೆ ಅದೇ ಹೊಳೆ ಹಾಲಾಗುತ್ತದೆ. ಎರಡೂ ನಿಜ, ಎರಡೂ ಪೂರ್ತಿ ನಿಜವಲ್ಲ. ಜಗಳೂರಿನ ರಂಗಯ್ಯನದುರ್ಗದ ಕಾಡಿಗೂ ಹೋದೆ. ಕೊಂಡುಕುರಿಗಾಗಿ ೨೦೧೧ರಲ್ಲಿ ವನ್ಯಧಾಮವಾದ ಕಾಡು. ತಲೆಯ ಮೇಲೆ ನಾಲ್ಕು ಕೊಂಬುಳ್ಳ ಆ ನಾಚಿಕೆಯ ಪ್ರಾಣಿ ಕಂಡದ್ದೂ ಉಂಟು. ನನ್ನ ೫೦ ಮಿಲಿಮೀಟರಿನ ಚಿತ್ರದಲ್ಲಿ ಅದು ಸಾಸಿವೆ ಕಾಳಿನಷ್ಟಿತ್ತು. ಕೊಂಬು ಎಣಿಸುವ ಪ್ರಶ್ನೆಯೇ ಇಲ್ಲ.

ಮರೆಯಲಾಗದ ಪಾಠ ನ್ಯಾಮತಿಯ ಕಡೆಯದು. ಸೂರಗೊಂಡನಕೊಪ್ಪ ಸಂತ ಸೇವಾಲಾಲರ ಜನ್ಮಸ್ಥಳವೆಂದು ಬಂಜಾರರು ದೂರದೂರದಿಂದ ಬರುವ ಕ್ಷೇತ್ರ. ಅಲ್ಲಿ ಮರದ ಕೆಳಗೆ ಕೂತ ಒಬ್ಬ ಮುದುಕಿ ಕನ್ನಡಿಯ ಚೂರು ಹೊಲಿದ ಹಳೆಯ ಉಡುಪಿನಲ್ಲಿದ್ದಳು. ನಾನು ಕೇಳದೆ ಕ್ಯಾಮರಾ ಎತ್ತಿದೆ. ಅವಳು ಕೈ ಅಡ್ಡ ಹಿಡಿದಳು. “ಎಲ್ಲಾರೂ ಬರ್ತೀರಿ, ತಕ್ಕಂಡು ಹೋಗ್ತೀರಿ. ತಂದು ಕೊಟ್ಟೋರು ಯಾರಪ್ಪಾ?” ನಮ್ಮ ಭಾಷೆಯಲ್ಲಿ ಫೋಟೋ ‘ತೆಗೆಯುತ್ತೇವೆ’. ಸಾಲ ತೆಗೆಯುವಂತೆ. ತೆಗೆದದ್ದನ್ನು ತೀರಿಸಬೇಕೆಂದು ನನಗೆ ತೋಚಿರಲಿಲ್ಲ. ಪಕ್ಕದಲ್ಲಿ ಕೂತು ಮಾತಾಡಿಸಿದೆ. ತನ್ನ ಯಜಮಾನನದೊಂದು ಫೋಟೋ ಇತ್ತು, ಮನೆ ಸೋರಿದಾಗ ಹೋಯಿತು, ಈಗ ಮುಖ ನೆನಪಿಗೆ ಬರುವುದಿಲ್ಲ ಎಂದಳು. ಆಮೇಲೆ ತಾನೇ ಸೆರಗು ಸರಿಮಾ

ಡಿಕೊಂಡು “ತಗಿ” ಎಂದಳು. ಹದಿನೈದು ದಿನದ ಮೇಲೆ ಅಚ್ಚು ಹಾಕಿಸಿ ಒಯ್ದು ಕೊಟ್ಟೆ. ನನ್ನ ಕ್ಯಾಮರಾದ ಮೊದಲ ಒಳ್ಳೆಯ ಚಿತ್ರ ಅದು. ನನ್ನ ಹತ್ತಿರ ಇರುವುದಕ್ಕಿಂತ ಅವಳ ಹತ್ತಿರ ಇರುವುದೇ ಸರಿ.

ಅವಳ ಮಾತು ಕಿವಿಯಲ್ಲಿಟ್ಟುಕೊಂಡೇ ಊರಿಗೆ ಹೋದೆ. ಕಲ್ಲು ರಸ್ತೆಯ ಬದಿಯಲ್ಲಿ ಮಗುಚಿಕೊಂಡು ಬಿದ್ದಿತ್ತು. ತಮ್ಮನ ಮಗನೂ ಅವನ ಗೆಳೆಯರೂ ಹಾರೆ ಹಾಕಿ ಎತ್ತಿ, ಹನುಮಂತ ದೇವರ ಗುಡಿಯ ಅಂಗಳಕ್ಕೆ ಒಯ್ದು ನಿಲ್ಲಿಸಿದರು. ಮೇಲಿನ ಎಡಮೂಲೆ, ಎರಡು ಗೇಣಿನಷ್ಟು, ಇಲ್ಲ. ಸುತ್ತ ಹುಡುಕಿದೆವು. ಜಲ್ಲಿಯಲ್ಲಿ ಜಲ್ಲಿಯಾಗಿ ಹೋಗಿತ್ತು. ಮೊದಲ ಸಾಲು ಆರಂಭವಾಗುತ್ತಿದ್ದುದು ಅಲ್ಲಿಂದಲೇ. ಹೆಸರು ಇದ್ದಿರಬೇಕಾದದ್ದೂ ಅಲ್ಲೇ.

ಹುಡುಗರು ಸೀಮೆಸುಣ್ಣ ತಂದು ಅಕ್ಷರ ತುಂಬಲು ಹೊರಟರು. ಬೇಡವೆಂದೆ. ನಾವು ತುಂಬಿದರೆ ನಾವು ಊಹಿಸಿದ ಅಕ್ಷರ ಬರುತ್ತದೆ, ಅವನು ಕೆತ್ತಿದ್ದು ಬರುವುದಿಲ್ಲ. ನೀರಿನಿಂದ ಮೆಲ್ಲಗೆ ತೊಳೆದು, ಕತ್ತಲಾಗುವವರೆಗೆ ಕಾದೆವು. ಕ್ಯಾಮರಾ ಟ್ರೈಪಾಡಿನ ಮೇಲೆ. ತಮ್ಮನ ಮಗ ಟಾರ್ಚನ್ನು ಕಲ್ಲಿನ ಅಂಚಿಗೆ ತಾಗಿಸಿದ ಹಾಗೆ, ಪಕ್ಕದಿಂದ ಹಿಡಿದ. ಹಗಲಿನಲ್ಲಿ ನುಣ್ಣಗಿದ್ದ ಕಲ್ಲಿನ ಮೇಲೆ ಒಂದೊಂದು ಗೀರಿಗೂ ನೆರಳು ಬಿತ್ತು. ಸಾಲುಗಳು ಎದ್ದವು. “ಅಯ್ಯೋ ದೊಡ್ಡಪ್ಪ, ಅಕ್ಷರ!” ಎಂದು ಅವನೇ ಕೂಗಿದ. ಟಾರ್ಚನ್ನು ಎಡಕ್ಕೆ, ಬಲಕ್ಕೆ, ಮೇಲಕ್ಕೆ ಸರಿಸುತ್ತ ಅರುವತ್ತು ಚಿತ್ರ ತೆಗೆದೆವು. ಶಾಸನ ಬಲ್ಲ ಸ್ನೇಹಿತರೊಬ್ಬರಿಗೆ ಕಳಿಸಿದೆ. ಬರಹ ಹನ್ನೆರಡು ಹದಿಮೂರನೆಯ ಶತಮಾನದ್ದಿರಬಹುದು, ‘ತುರು’ ಎಂಬ ಮಾತೂ ‘ಕಾದಿ’ ಎಂಬ ಮಾತೂ ಸ್ಪಷ್ಟವಾಗಿವೆ ಎಂದು ಬರೆದರು. ತಂದೆಯವರು ಹೇಳಿದ್ದು ನಿಜ. ದನಗಳಿಗಾಗಿ ಹೋರಾಡಿ ಸತ್ತವನು. “ಆದರೆ ಹೆಸರಿಲ್ಲವಲ್ಲ, ಮುರಿದ ಭಾಗದ ಹಳೆಯ ಚಿತ್ರ ಯಾವುದಾದರೂ ಇದೆಯೆ?” ಎಂದು ಕೇಳಿದ್ದರು.

ಒಂದಿತ್ತು. ೧೯೮೫ರಲ್ಲಿ ನಾನು ಕಾಲೇಜಿನಲ್ಲಿದ್ದಾಗ ಗೆಳೆಯನ ಅಗ್ಫಾ ಕ್ಲಿಕ್ ೩ ಎರವಲು ತಂದಿದ್ದೆ. ಒಂದು ರೋಲಿಗೆ ಹನ್ನೆರಡೇ ಚಿತ್ರ. ಹನ್ನೊಂದು ನೆಂಟರಿಗೆ ಹೋಗಿ, ಕೊನೆಯದೊಂದು ಉಳಿದಿತ್ತು. ತಂದೆಯವರನ್ನು ವೀರಗಲ್ಲಿನ ಪಕ್ಕದಲ್ಲಿ ನಿಲ್ಲಿಸಿ ತೆಗೆದಿದ್ದೆ. ನೆಗೆಟಿವು ಎಂದೋ ಹೋಗಿದೆ. ಹಳೆಯ ಮನೆಯ ಟ್ರಂಕಿನಲ್ಲಿ, ಜಮೀನಿನ ಪತ್ರಗಳ ನಡುವೆ, ಬೆಂಕಿಪೆಟ್ಟಿಗೆಗಿಂತ ಸ್ವಲ್ಪ ದೊಡ್ಡದಾದ ಆ ಚೌಕ ಚಿತ್ರ ಸಿಕ್ಕಿತು. ಅಂಚಿಗೆ ಬೂಷ್ಟು ಹಿಡಿದಿತ್ತು. ಕಿಟಕಿಯ ಬಳಿ ಇಟ್ಟು, ಡಿ ೯೦ನ್ನು ಅದರ ಮೇಲೆ ಬಗ್ಗಿಸಿದೆ. ನನ್ನ ಮಸೂರ ೪೫ ಸೆಂಟಿಮೀಟರಿಗಿಂತ ಹತ್ತಿರದ್ದನ್ನು ಕಾಣಲಾರದು. ಅಷ್ಟೇ ಸಾಕಾಯಿತು. ಕಂಪ್ಯೂಟರಿನಲ್ಲಿ ಹಿಗ್ಗಿಸಿ ನೋಡಿದೆ.

ಎಡಮೂಲೆ ಇದೆ. ಮೊದಲ ಸಾಲು ಇದೆ. ‘ಮಾರ’ ಎಂಬ ಎರಡು ಅಕ್ಷರ ನನಗೂ ಓದಲು ಬರುವಷ್ಟು ಸ್ಪಷ್ಟ. ಮಾರಗೌಡನೋ, ಮಾರಯ್ಯನೋ, ಮಾರಸಿಂಗನೋ. ಅದರ ಮುಂದೆ ನಮ್ಮ ತಂದೆಯವರ ಕೈ. ಕಲ್ಲಿನ ಭುಜದ ಮೇಲೆ, ಹಳೆಯ ಸ್ನೇಹಿತನ ಹೆಗಲ ಮೇಲೆ ಇಟ್ಟಂತೆ, ಕೈಯಿಟ್ಟು ನಿಂತಿದ್ದಾರೆ. ನಾಲ್ಕು ಬೆರಳು ಉಳಿದ ಅಕ್ಷರಗಳನ್ನು ಮುಚ್ಚಿವೆ. ಹಾಗೆ ನಿಲ್ಲಿ ಎಂದು ಹೇಳಿದವನು ನಾನೇ. ಅಂದು ಇನ್ನೊಂದು ಚಿತ್ರಕ್ಕೆ ರೋಲಿನಲ್ಲಿ ಜಾಗವಿರಲಿಲ್ಲ.

ನನ್ನ ಸ್ನೇಹಿತರಿಗೆ ಇಷ್ಟೇ ಬರೆದು ಕಳಿಸಿದೆ: ಹೆಸರು ‘ಮಾರ’ ಎಂದು ಮೊದಲಾಗುತ್ತದೆ. ಚಿತ್ರಗಳ ಒಂದು ಪ್ರತಿಯನ್ನು ಅವರಿಗೆ, ಒಂದನ್ನು ತಮ್ಮನ ಮಗನಿಗೆ ಕೊಟ್ಟು, ಒಂದನ್ನು ನನ್ನಲ್ಲಿಟ್ಟುಕೊಂಡಿದ್ದೇನೆ; ಗಾಜು ಒಡೆಯುತ್ತದೆ, ಕಾಗದಕ್ಕೆ ಬೂಷ್ಟು ಹಿಡಿಯುತ್ತದೆ, ಕಾರ್ಡು ಒಂದು ದಿನ ಹೇಳದೆ ಕೇಳದೆ ಸಾಯುತ್ತದೆ. ಗುಡಿಯ ಅಂಗಳದ ಕಲ್ಲಿನ ಕೆಳಗೆ ಊರ ಹುಡುಗರು ಒಂದು ಸಣ್ಣ ಹಲಗೆ ನಿಲ್ಲಿಸಿದ್ದಾರಂತೆ: ಮಾರನ ಕಲ್ಲು.

ಮನೆಯಾಕೆಗೆ ಹಿಗ್ಗಿಸಿದ ಚಿತ್ರ ತೋರಿಸಿದೆ. ಅವಳು ಅಕ್ಷರ ನೋಡಲಿಲ್ಲ. ಬಹಳ ಹೊತ್ತು ಮಾವನವರ ಕೈಯನ್ನೇ ನೋಡಿ, “ಉಂಗುರದ ಬೆರಳು ಸೊಟ್ಟ ಇತ್ತು ನೋಡಿ, ಮರೆತೇಹೋಗಿತ್ತು” ಎಂದಳು. ಆಮೇಲೆ ಕ್ಯಾಮರಾವನ್ನು ಮೇಜಿನಿಂದ ಎತ್ತಿ, ಒಂದು ಹಳೆಯ ರೇಷ್ಮೆ ಬಟ್ಟೆಯಲ್ಲಿ ಸುತ್ತಿ, ತೇವ ತಾಗದ ಬೀರುವಿನಲ್ಲಿ ಇಟ್ಟಳು.